ಮನೆ ಶುಚಿಯಾಯಿತು, ಹಳ್ಳ?

ಕಳೆದ ಆಷಾಢದಲ್ಲಿ ನಮ್ಮ ಮನೆಯ ಕಿರಿಯ ಹುಡುಗನಿಗೆ ರಕ್ತಭೇದಿ ಹಿಡಿಯಿತು. ಮಳೆ ಹನಿ ಕಡಿಯದ ದಿನಗಳು. ಎರಡನೆಯ ದಿನ ಬೆಳಗಾಗುವಷ್ಟರಲ್ಲಿ ಹಾಸಿಗೆಯ ನಾಲ್ಕು ಚಾದರಗಳೂ ಕೊಳೆಯಾಗಿದ್ದವು. ಅವನ್ನು ಬಕೆಟ್ಟಿನಲ್ಲಿ ತುಂಬಿಕೊಂಡು, ಕಂಬಳಿಕೊಪ್ಪೆ ಹೊದ್ದು, ನಾನು ನೇರವಾಗಿ ಹಳ್ಳಕ್ಕೆ ನಡೆದೆ. ಹರಿಯುವ ನೀರು, ಅಗಲವಾದ ಕಲ್ಲು. ಅರ್ಧ ಗಂಟೆಯಲ್ಲಿ ಬಟ್ಟೆ ಬೆಳ್ಳಗಾಯಿತು. ಹಿಂದಿರುಗಿ ಬಂದು ನೆಲಕ್ಕೆಲ್ಲ ಫಿನಾಯಿಲ್ ಹಾಕಿ ಒರೆಸಿ, ಅಂತೂ ಮನೆ ಶುಚಿಯಾಯಿತೆಂದು ಸಮಾಧಾನಪಟ್ಟೆ. ಇದೇ ಹಳ್ಳದ ಉಳಿವಿಗಾಗಿ ಹತ್ತಾರು ಸಭೆಗಳಲ್ಲಿ ಮಾತನಾಡಿದವನು ನಾನು. ಅರ್ಧ ಮೈಲಿ ಕೆಳಗೆ ಒಂದು ಕೇರಿಯಿದೆ, ಅಲ್ಲಿಯವರು ಪಾತ್ರೆ ಬೆಳಗುವುದೂ ಅವರ ಮಕ್ಕಳು ಮೀಯುವುದೂ ಇದೇ ನೀರಿನಲ್ಲಿ ಎಂಬುದು ಆ ಬೆಳಿಗ್ಗೆ ನನ್ನ ಮನಸ್ಸಿಗೆ ಬರಲೇ ಇಲ್ಲ. ಮುಂದಿನ ವಾರ ಆ ಕೇರಿಯ ಇಬ್ಬರು ಮಕ್ಕಳಿಗೆ ರಕ್ತಭೇದಿಯಾಯಿತು. ನಾನು ಒಗೆದ ಚಾದರದಿಂದಲೇ ಆಯಿತೆಂದು ಯಾರೂ ಸಾಧಿಸಿ ತೋರಿಸಲಾರರು; ಅದರಿಂದ ಆಗಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಕಾರ್ಖಾನೆಯ ಕೊಳವೆ ಹೊಳೆಗೆ ಬಿದ್ದರೆ ನಾವು ಮೆರವಣಿಗೆ ಹೊರಡುತ್ತೇವೆ. ಹೊರಡಲೇಬೇಕು. ಆದರೆ ನಮ್ಮ ಬಚ್ಚಲಿನ ಬಾಯಿಯ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ. ಹೊಸಿಲು ದಾಟಿಸಿದ ಕೊಳೆ ಇಲ್ಲವಾಯಿತೆಂದೇ ನಮ್ಮ ಭಾವನೆ.

ಈ ಭಾವನೆ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಲಂಡನ್ನಿನ ಒಂದು ಹಳೆಯ ಘಟನೆಯುಂಟು. 1854ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟಿನ ಸುತ್ತಮುತ್ತ ಕಾಲರಾ ಹಬ್ಬಿ 600ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಅದರ ಮೂಲವನ್ನು ಬೀದಿಯ ಕೈಪಂಪಿನವರೆಗೆ ಹುಡುಕಿ, ಪಂಪಿನ ಹಿಡಿಕೆಯನ್ನು ತೆಗೆಸಿದ ಕಥೆಯನ್ನು ವಿದ್ಯಾರ್ಥಿಗಳು ಓದಿರಬಹುದು. ಆದರೆ ಆ ಬಾವಿಗೆ ರೋಗ ಇಳಿದದ್ದು ಹೇಗೆ? ಅದನ್ನು ಮನೆಮನೆ ತಿರುಗಿ ಪತ್ತೆ ಮಾಡಿದವರು ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿ. ಬಾವಿಯ ಪಕ್ಕದ ಮನೆಯಲ್ಲಿ ಒಂದು ಹಸುಗೂಸಿಗೆ ಭೇದಿಯಾಗಿತ್ತು. ತಾಯಿ ಮಗುವಿನ ಬಟ್ಟೆಗಳನ್ನು ನೆನೆಸಿ ಹಿಂಡಿ, ಆ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಗುಂಡಿಯ ಇಟ್ಟಿಗೆ ಶಿಥಿಲವಾಗಿ, ಒಂದು ಮಾರು ದೂರವೂ ಇಲ್ಲದ ಬಾವಿಗೆ ಕೊಳೆ ಒಸರುತ್ತಿತ್ತು. ಆಕೆ ಮಾಡಿದ್ದೇನು? ಮನೆಯನ್ನು ಶುಚಿಯಾಗಿಟ್ಟುಕೊಂಡಳು, ಅಷ್ಟೇ. ನಾನು ಮಾಡಿದ್ದೂ ಅದನ್ನೇ, ಗುಂಡಿಯ ಬದಲು ನೇರವಾಗಿ ಹಳ್ಳದಲ್ಲಿ.

ರಕ್ತಭೇದಿಗೆ ಸಾಮಾನ್ಯ ಕಾರಣವಾದ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಬಹಳ ಕ್ಷುದ್ರ ಜೀವಿ, ಆದರೆ ಮಹಾ ಹಟಮಾರಿ. 10ರಿಂದ 100 ಜೀವಾಣುಗಳು ಹೊಟ್ಟೆ ಸೇರಿದರೆ ಸಾಕು, ಆರೋಗ್ಯವಂತನೂ ಮಲಗುತ್ತಾನೆ. ಕಣ್ಣಿಗೆ ಕೊಳೆಯೇ ಕಾಣದ ಬೆರಳಿನಲ್ಲಿ ಅಷ್ಟು ಧಾರಾಳವಾಗಿ ಇರುತ್ತದೆ. ಆದ್ದರಿಂದ ರೋಗವಿರುವ ಮನೆಯಲ್ಲಿ ಒರೆಸಬೇಕಾದ್ದು ನೆಲಕ್ಕಿಂತ ಮೊದಲು ಕೈ ತಾಗುವ ಜಾಗಗಳನ್ನು: ಕಕ್ಕಸಿನ ಚಿಲಕ, ನಲ್ಲಿಯ ತಿರುಪು, ದೀಪದ ಸ್ವಿಚ್ಚು, ಎಲ್ಲಕ್ಕಿಂತ ಮುಖ್ಯವಾಗಿ ಚೊಂಬು. ನಮ್ಮ ಬಚ್ಚಲುಗಳಲ್ಲಿ ರೋಗಿ ಮುಳುಗಿಸಿದ ಚೊಂಬನ್ನೇ ಎಲ್ಲರೂ ಅದೇ ಹಂಡೆಗೆ ಮುಳುಗಿಸುತ್ತಾರೆ. ರೋಗಿಗೆ ಬೇರೆ ಚೊಂಬು, ಬೇರೆ ಬಕೆಟ್ಟು ಇಟ್ಟರೆ ಅದು ಅಸ್ಪೃಶ್ಯತೆಯಲ್ಲ, ವಿವೇಕ.

ಬಕೆಟ್ಟು ನೀರಿಗೆ ಒಂದು ಮುಚ್ಚಳ ಫಿನಾಯಿಲ್ ಸುರಿದರೆ ಸಿಗುವುದು ಬಹುಮಟ್ಟಿಗೆ ವಾಸನೆ. ಮೊದಲು ಸೋಪು ನೀರಿನಿಂದ ಕೊಳೆ ತೆಗೆಯಬೇಕು, ಆಮೇಲೆ ಬ್ಲೀಚಿಂಗ್ ಪುಡಿ. ಕೊಳೆ ಇದ್ದಲ್ಲಿ ಕ್ಲೋರಿನ್ ಕೊಳೆಯೊಂದಿಗೇ ಸವೆದುಹೋಗುತ್ತದೆ. ಶೇ. 30ರಷ್ಟು ಕ್ಲೋರಿನ್ ಇರುವ ಹೊಸ ಪುಡಿಯಾದರೆ ಒಂದು ಲೀಟರ್ ನೀರಿಗೆ ಸುಮಾರು 16 ಗ್ರಾಂ, ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ. ತಿಳಿ ನೀರನ್ನು ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮಲೆನಾಡಿನ ತೇವದಲ್ಲಿ ಬಾಯಿ ತೆರೆದಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ; ಹೋದ ವರ್ಷದ ಪೊಟ್ಟಣವನ್ನು ನಂಬಬೇಡಿ. ಕಕ್ಕಸು ತೊಳೆಯುವ ಆ್ಯಸಿಡ್ಡಿನೊಂದಿಗೆ ಇದನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಕಕ್ಕಸನ್ನು ಗೋಬರ್ ಗ್ಯಾಸ್ ಗುಂಡಿಗೆ ಜೋಡಿಸಿರುವವರು ಅದರೊಳಕ್ಕೆ ಬ್ಲೀಚಿಂಗ್ ನೀರು ಸುರಿಯದಿರಲಿ. ಅನಿಲ ಮಾಡುವ ಜೀವಾಣುಗಳೂ ಸಾಯುತ್ತವೆ.

ರಾಸಾಯನಿಕದ ಹೆಸರು ಕೇಳಿ ಮುಖ ಸಿಂಡರಿಸುವ ಮಿತ್ರರು ನಮ್ಮ ಬಳಗದಲ್ಲಿದ್ದಾರೆ. ತೋಟಕ್ಕೆ ವಿಷ ಸಿಂಪಡಿಸುವುದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬ. ಆದರೆ ರೋಗದ ಕೋಣೆಯಲ್ಲಿ ಹತ್ತು ದಿನ ಬಳಸುವ ಒಂದಿಷ್ಟು ಬ್ಲೀಚಿಂಗ್ ಪುಡಿಯನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಹಾಗೆಯೇ ಸಗಣಿ ಸಾರಿಸಿದರೆ ಎಲ್ಲವೂ ಶುದ್ಧ ಎಂಬ ನಂಬಿಕೆಯನ್ನೂ ಆ ಹತ್ತು ದಿನ ಬದಿಗಿಡಬೇಕು. ದನದ ಕರುಳಿನಲ್ಲಿಯೂ ಮನುಷ್ಯನಿಗೆ ಭೇದಿ ತರಬಲ್ಲ ಜೀವಾಣುಗಳಿರುತ್ತವೆ. ಮಡಿಯ ಮಾತೂ ಅಷ್ಟೇ: ತಣ್ಣೀರಿನಲ್ಲಿ ಅದ್ದಿ ತೆಗೆದ ಬಟ್ಟೆ ಮಡಿಯಾದೀತು, ನಿರ್ಮಲವಾಗದು. ನಮ್ಮ ಪರಂಪರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಬಚ್ಚಲ ಒಲೆ. ಹಳೆಯ ಪಾತ್ರೆಯೊಂದರಲ್ಲಿ ರೋಗಿಯ ಬಟ್ಟೆಯನ್ನು ಚೆನ್ನಾಗಿ ಕುದಿಸಿದರೆ ಬೇರಾವ ಔಷಧವೂ ಬೇಡ. ಬಿಸಿಲಿಲ್ಲದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ಕುದಿಸಿದ ನೀರನ್ನಾಗಲಿ ತೊಳೆದ ನೀರನ್ನಾಗಲಿ ಹಳ್ಳಕ್ಕೆ ಬಿಡದೆ, ಬಾವಿಯಿಂದ ಕನಿಷ್ಠ 50 ಅಡಿ ದೂರದಲ್ಲಿ, ಸಾಧ್ಯವಾದರೆ ಬಾವಿಗಿಂತ ತಗ್ಗಿನಲ್ಲಿ, ಇಂಗುಗುಂಡಿ ಮಾಡಿ ಅಲ್ಲಿಗೆ ಬಿಡಬೇಕು. ನಮ್ಮ ಜಂಬಿಟ್ಟಿಗೆಯ ನೆಲ ಜರಡಿಯಂಥದು; ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಈ ದೂರವೂ ಕಡಿಮೆಯೇ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು, ಮನೆಯವರೆಲ್ಲರೂ.

ಇನ್ನು ಯಾರೂ ಬರೆಯದ ಸಂಗತಿ. ರೋಗಿಯ ಮಲ ಬಳಿದವಳೇ ಅನ್ನ ಬಸಿಯುತ್ತಾಳೆ. ಎಷ್ಟು ಸೋಪು ಉಜ್ಜಿದರೂ ಒಂದೇ ಜೋಡಿ ಕೈ ಎರಡು ಕೆಲಸಗಳ ನಡುವೆ ದಿನಕ್ಕೆ ಇಪ್ಪತ್ತು ಸಲ ಓಡಾಡಿದರೆ ಒಂದು ಸಲವಾದರೂ ತಪ್ಪುತ್ತದೆ. ರೋಗವಿದ್ದಷ್ಟು ದಿನ ಇವೆರಡನ್ನು ಇಬ್ಬರು ಹಂಚಿಕೊಳ್ಳಬೇಕು. ಎಂದರೆ ಮನೆಯ ಗಂಡಸರು ಒಲೆಯ ಮುಂದೆಯೋ ಬಚ್ಚಲಿನಲ್ಲಿಯೋ ನಿಲ್ಲಬೇಕು. ನಾನು ಚಾದರ ಒಗೆಯಲು ಹೋದದ್ದಕ್ಕೆ ನೆರೆಯವರು ಬೆರಗಾದರು. ಒಗೆದ ಜಾಗದ ಬಗ್ಗೆ ಯಾರೂ ಬೆರಗಾಗಲಿಲ್ಲ.

ಭೇದಿ ನಿಂತಿತೆಂದು ಇದನ್ನೆಲ್ಲ ಕೂಡಲೇ ಕೈಬಿಡುವಂತಿಲ್ಲ. ಗುಣವಾದ ಮೇಲೂ ಒಂದರಿಂದ ನಾಲ್ಕು ವಾರ ರೋಗಿಯ ಮಲದಲ್ಲಿ ಶಿಗೆಲ್ಲ ಹೊರಬೀಳುತ್ತಿರಬಹುದು. ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಲೇಬೇಕೆಂಬುದನ್ನೂ, ಅಲ್ಲಿ ಸೇರುವವರೆಗೆ ಓಆರೆಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕೆಂಬುದನ್ನೂ ಹೇಳದೆ ಮುಗಿಸಲಾರೆ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು-ಸಕ್ಕರೆಯ ಇಂಥ ದ್ರಾವಣದಿಂದಲೇ ಕಾಲರಾ ಸಾವುಗಳನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗೆ ಇಳಿಸಿದರು.

ಹುಡುಗ ಚೇತರಿಸಿಕೊಂಡ ಮೇಲೆ ನಾನು ಆ ಕೇರಿಗೆ ಹೋಗಿ ನಡೆದದ್ದನ್ನು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಆ ಮಕ್ಕಳ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲೇ ಒಂದು ಮಾತು ಹೇಳಿ ಕಳ್ಸಿದ್ರೆ ನಾವು ಹಳ್ಳದ ನೀರು ಮುಟ್ತಿರ್ಲಿಲ್ಲ, ಮಾರಾಯ್ರೆ" ಎಂದರು. ಮನೆಯಲ್ಲಿ ಭೇದಿ ಎಂದು ನಾಲ್ಕು ಜನಕ್ಕೆ ಹೇಳಲು ನಾಚಿಕೆಪಟ್ಟು ಆ ವಾರವೆಲ್ಲ ನಾವು ಸುಮ್ಮನಿದ್ದೆವು. ನಮ್ಮ ಇಂಗುಗುಂಡಿಯ ಕೆಲಸ ದೀಪಾವಳಿಯ ಹೊತ್ತಿಗೆ ಮುಗಿಯಿತು.