ಮೆಚ್ಚಬೇಕಾದದ್ದು ತುಳಸಿಯನ್ನೋ ಸ್ಮೃತಿಯನ್ನೋ?

ಟಿ.ವಿ. ಧಾರಾವಾಹಿಯ ನಟಿಯೊಬ್ಬರು ರಾಜಕೀಯ ಪ್ರವೇಶಿಸಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ವ್ಯಕ್ತವಾಗುತ್ತವೆ. ಒಂದು ವರ್ಗ, ಆಕೆ ನಟಿಸಿದ ಪಾತ್ರಕ್ಕೆ ಕೈ ಮುಗಿಯುತ್ತದೆ. ಇನ್ನೊಂದು ವರ್ಗ, ಬಣ್ಣ ಹಚ್ಚಿಕೊಂಡವರಿಗೆ ಜನರ ಕಷ್ಟವೇನು ಗೊತ್ತು ಎಂದು ಮೂಗು ಮುರಿಯುತ್ತದೆ. ಸ್ಮೃತಿ ಇರಾನಿಯವರ ಬದುಕನ್ನು ಅವಲೋಕಿಸಿದರೆ ಈ ಎರಡೂ ಪ್ರತಿಕ್ರಿಯೆಗಳು ಎಷ್ಟು ಪೊಳ್ಳು ಎಂಬುದು ಮನದಟ್ಟಾಗುತ್ತದೆ.

2000ದ ಜುಲೈ 3ರಂದು ಸ್ಟಾರ್ ಪ್ಲಸ್ ವಾಹಿನಿಯಲ್ಲಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಪ್ರಸಾರ ಆರಂಭಿಸಿತು. ಅಮಿತಾಭ್ ಬಚ್ಚನ್‌ರ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದುದೂ ಅಂದೇ, ಅದೇ ವಾಹಿನಿಯಲ್ಲೇ. ಏಕ್ತಾ ಕಪೂರ್‌ರ ಬಾಲಾಜಿ ಟೆಲಿಫಿಲ್ಮ್ಸ್ ನಿರ್ಮಿಸಿದ ಈ ಧಾರಾವಾಹಿ 2008ರ ನವೆಂಬರ್‌ನಲ್ಲಿ ಮುಗಿಯುವಾಗ 1,800ಕ್ಕೂ ಅಧಿಕ ಕಂತುಗಳನ್ನು ಪೂರೈಸಿತ್ತು. ಅತ್ತೆಯೂ ಒಂದು ಕಾಲದಲ್ಲಿ ಸೊಸೆಯಾಗಿದ್ದಳು ಎಂಬುದು ಅದರ ಹೆಸರಿನ ತಾತ್ಪರ್ಯ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುರೋಹಿತರ ಮಗಳು ತುಳಸಿ, ಶ್ರೀಮಂತ ವಿರಾನಿ ಕುಟುಂಬದ ಸೊಸೆಯಾಗಿ ಬಂದು, ಎಲ್ಲವನ್ನೂ ಸಹಿಸಿ, ಕ್ಷಮಿಸಿ, ತ್ಯಾಗ ಮಾಡಿ ಆ ಮನೆಯನ್ನು ಉಳಿಸುತ್ತಾಳೆ. ಪ್ರೇಕ್ಷಕರು ಆ ಮನೆಯನ್ನು ಎಷ್ಟು ನಂಬಿದ್ದರೆಂದರೆ, ಆಕೆಯ ಪತಿ ಮಿಹಿರ್‌ನ ಸಾವನ್ನು ತೋರಿಸಿದಾಗ ಅವರು ಪ್ರತಿಭಟಿಸಿದರು. ಸತ್ತ ಪಾತ್ರ ಮರಳಿ ಬಂತು.

ಇನ್ನು, ಆ ಪಾತ್ರವನ್ನು ಮಾಡಿದವರ ಬದುಕನ್ನು ನೋಡಿ. 1976ರಲ್ಲಿ ದೆಹಲಿಯಲ್ಲಿ ಜನಿಸಿದ ಸ್ಮೃತಿ ಮಲ್ಹೋತ್ರಾ, 1998ರ ಮಿಸ್ ಇಂಡಿಯಾ ಸ್ಪರ್ಧೆಗಿಳಿದರು. ಕಿರೀಟ ಸಿಗಲಿಲ್ಲ. ಹೊಟ್ಟೆಪಾಡಿಗಾಗಿ ಮುಂಬೈಯ ಮೆಕ್‌ಡೊನಾಲ್ಡ್ಸ್ ಮಳಿಗೆಯಲ್ಲಿ ದುಡಿದರು. ಇದನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ತುಳಸಿಯಾಗಿ ಮನೆಮಾತಾದ ಬಳಿಕ 2001ರಲ್ಲಿ ಪಾರ್ಸಿ ಸಮುದಾಯದ ಝುಬಿನ್ ಇರಾನಿಯವರನ್ನು ವಿವಾಹವಾದರು. ಝೀ ಟಿ.ವಿ.ಯ ‘ರಾಮಾಯಣ’ದಲ್ಲಿ ಸೀತೆಯಾಗಿ ಅಭಿನಯಿಸಿದ್ದೂ ಅದೇ ಕಾಲದಲ್ಲಿ. ಧಾರಾವಾಹಿ ನಡೆಯುತ್ತಿರುವಾಗಲೇ ಎರಡು ಮಕ್ಕಳ ತಾಯಿಯಾದರು, 2003ರಲ್ಲಿ ಬಿಜೆಪಿ ಸೇರಿದರು. ಅಂದರೆ, ಮನೆಯೇ ಸರ್ವಸ್ವವೆಂದು ಪರದೆಯಲ್ಲಿ ಸಾರುತ್ತಿದ್ದ ಹೆಣ್ಣು ನಿಜ ಜೀವನದಲ್ಲಿ ಮನೆಯ ಹೊರಗೆ ದುಡಿದು, ಗಳಿಸಿ, ಸೋತು, ಮತ್ತೆ ಎದ್ದು ನಿಂತವರು.

ವಿಪರ್ಯಾಸ ಏನೆಂದರೆ, ನಮ್ಮ ಮನೆಗಳಿಗೆ ಪಾಠವಾಗಿ ಬಂದದ್ದು ತುಳಸಿಯೇ ಹೊರತು ಸ್ಮೃತಿಯಲ್ಲ. ಸೊಸೆಯೆಂದರೆ ಹೀಗಿರಬೇಕು ಎಂದು ರಾತ್ರಿ ಧಾರಾವಾಹಿ ನೋಡುತ್ತಾ ಹೇಳುವವರು, ತಮ್ಮ ಮಗಳು ಕೆಲಸ ಹುಡುಕಿಕೊಂಡು ಪರವೂರಿಗೆ ಹೋಗುತ್ತೇನೆಂದರೆ ಒಪ್ಪುತ್ತಾರೆಯೇ? ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗಿಯನ್ನು ಸೊಸೆಯಾಗಿ ತರುತ್ತಾರೆಯೇ? ಹೆಣ್ಣಿನ ಸಹನೆಗೆ ಚಪ್ಪಾಳೆ ತಟ್ಟುವ ಸಮಾಜಕ್ಕೆ ಆಕೆಯ ದುಡಿಮೆ ಕಾಣಿಸುವುದಿಲ್ಲ. ಆ ಸಹನೆಯನ್ನಾದರೋ ಸಂಭಾಷಣೆಕಾರರು ಬರೆದುಕೊಟ್ಟದ್ದು.

ಪಾತ್ರದ ಬಲದಿಂದಲೇ ಅವರು ಅಧಿಕಾರಕ್ಕೇರಿದರು ಎಂಬ ಆರೋಪವೂ ಪೂರ್ಣ ಸತ್ಯವಲ್ಲ. ತುಳಸಿಯ ಜನಪ್ರಿಯತೆ ಉತ್ತುಂಗದಲ್ಲಿದ್ದ 2004ರಲ್ಲಿ ದೆಹಲಿಯ ಚಾಂದನಿ ಚೌಕ್‌ನ ಮತದಾರರು ಅವರನ್ನು ಸೋಲಿಸಿ ಕಪಿಲ್ ಸಿಬಲ್‌ರನ್ನು ಆರಿಸಿದರು. 2014ರಲ್ಲಿ ಅಮೇಥಿಯಲ್ಲಿ ರಾಹುಲ್ ಗಾಂಧಿಯವರೆದುರು ಲಕ್ಷಕ್ಕೂ ಅಧಿಕ ಮತಗಳಿಂದ ಸೋತರು. ಆದರೆ ಸೋತ ಕ್ಷೇತ್ರವನ್ನು ಬಿಡದೆ ಐದು ವರ್ಷ ಓಡಾಡಿ, 2019ರಲ್ಲಿ ಅಲ್ಲೇ ಸುಮಾರು 55 ಸಾವಿರ ಮತಗಳಿಂದ ಗೆದ್ದರು. 2024ರಲ್ಲಿ ಅದೇ ಮತದಾರರು ಕೇಂದ್ರ ಸಚಿವೆಯಾಗಿದ್ದ ಅವರನ್ನು ಕಿಶೋರಿ ಲಾಲ್ ಶರ್ಮಾರೆದುರು 1.67 ಲಕ್ಷ ಮತಗಳಿಂದ ಸೋಲಿಸಿದರು. ಪಾತ್ರ ಅವರಿಗೆ ಬಾಗಿಲು ತೆರೆದುಕೊಟ್ಟಿರಬಹುದು. ಆದರೆ ಒಳಗೆ ಕೂರಿಸಿದ್ದೂ ಹೊರಗೆ ಕಳಿಸಿದ್ದೂ ಮತದಾರರೇ.

ಹಾಗಾದರೆ ಅವರನ್ನು ಅಳೆಯಬೇಕಾದದ್ದು ಯಾವುದರಿಂದ? ನಿಸ್ಸಂದೇಹವಾಗಿ ಅವರು ಸಹಿ ಹಾಕಿದ ಕಡತಗಳಿಂದ. 2022ರ ಜುಲೈಯಿಂದ 2024ರ ಜೂನ್ ವರೆಗೆ ಅಲ್ಪಸಂಖ್ಯಾತ ವ್ಯವಹಾರಗಳ ಖಾತೆ ಅವರ ಕೈಯಲ್ಲಿತ್ತು. ಎಂ.ಫಿಲ್ ಮತ್ತು ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ ಅನ್ನು 2022-23ರಿಂದ ನಿಲ್ಲಿಸಲಾಗಿದೆಯೆಂದು 2022ರ ಡಿಸೆಂಬರ್‌ನಲ್ಲಿ ಅವರು ಲೋಕಸಭೆಗೆ ತಿಳಿಸಿದರು. ಈ ವಿದ್ಯಾರ್ಥಿಗಳಿಗೆ ಇತರ ಫೆಲೋಶಿಪ್‌ಗಳೂ ಲಭ್ಯವಿವೆ ಎಂಬುದು ಕೊಟ್ಟ ಕಾರಣ. ಅದೇ ವರ್ಷ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಲಾಯಿತು. ಆ ಫೆಲೋಶಿಪ್‌ನಲ್ಲಿ ಶೇ. 30ರಷ್ಟು ಪಾಲು ಮಹಿಳೆಯರಿಗೆ ಮೀಸಲಿತ್ತು. ಮನೆಯಿಂದ ಹಣ ಬಾರದ ಸಂಶೋಧಕಿಗೆ ತಿಂಗಳ ಫೆಲೋಶಿಪ್ ಎಂದರೆ ಓದಿನ ಖರ್ಚು ಮಾತ್ರವಲ್ಲ, ಮದುವೆಯ ಒತ್ತಡವನ್ನು ಇನ್ನೆರಡು ವರ್ಷ ಮುಂದೂಡುವ ಧೈರ್ಯ ಕೂಡ. ಸ್ವಂತ ದುಡಿಮೆಯಿಂದ ಮೇಲೆದ್ದ ಹೆಣ್ಣೊಬ್ಬರ ಇಲಾಖೆಯೇ ಇದನ್ನು ಕೈಬಿಟ್ಟಿತು ಎಂಬುದು ನಿಜಕ್ಕೂ ನೋವಿನ ಸಂಗತಿ.

ಆದರೆ ನಾವಾದರೂ ಚರ್ಚಿಸಿದ್ದು ಏನನ್ನು? 2024ರ ಜನವರಿಯಲ್ಲಿ ಹಜ್ ಒಪ್ಪಂದಕ್ಕೆ ಸಹಿ ಹಾಕಲು ಸೌದಿಗೆ ತೆರಳಿದ ಅವರು ಮದೀನಕ್ಕೂ ಭೇಟಿ ನೀಡಿದರು. ಆ ಭೇಟಿಯ ಚಿತ್ರಗಳ ಬಗ್ಗೆ, ಅವರು ಉಟ್ಟ ಸೀರೆಯ ಬಗ್ಗೆ, ತಲೆ ಮುಚ್ಚಿದ್ದರೋ ಇಲ್ಲವೋ ಎಂಬ ಬಗ್ಗೆ ನಮ್ಮವರು ಆಡಿದ ಮಾತಿನ ಕಾಲು ಭಾಗವಾದರೂ ಫೆಲೋಶಿಪ್‌ನ ಬಗ್ಗೆ ಇತ್ತೇ? ಧಾರಾವಾಹಿ ನಮಗೆ ಕಲಿಸಿರುವ ರೋಗ ಇದು. ದೃಶ್ಯಕ್ಕೆ ಉದ್ವೇಗಗೊಳ್ಳುತ್ತೇವೆ, ಕಡತವನ್ನು ಓದುವುದಿಲ್ಲ.

2025ರ ಜುಲೈ 29ರಂದು ಆ ಧಾರಾವಾಹಿಯ ಹೊಸ ಆವೃತ್ತಿ ಆರಂಭವಾಯಿತು. ಸ್ಮೃತಿಯವರು ಮತ್ತೆ ತುಳಸಿಯಾದರು. ಸೋತವರು ಹಳೆಯ ಕಸುಬಿಗೆ ಮರಳಿದರೆಂದು ಕೆಲವರು ಗೇಲಿ ಮಾಡಿದರು. ಇದು ಸಲ್ಲದು. 2013ರಿಂದ 18ರ ವರೆಗೆ ಕರ್ನಾಟಕದ ಸಚಿವೆಯಾಗಿದ್ದ ಉಮಾಶ್ರೀಯವರು ಆ ಬಳಿಕ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾದಾಗ ನಾವು ಸಂತೋಷಪಟ್ಟೆವು. ಅಧಿಕಾರ ಕಳಕೊಂಡವರು ತಮಗೆ ಬಲ್ಲ ಕಸುಬಿನಲ್ಲಿ ದುಡಿದು ಉಣ್ಣುವುದು ಗೌರವದ ಸಂಗತಿ. ಸ್ಮೃತಿಯವರನ್ನು ನಟಿಯೆಂಬ ಕಾರಣಕ್ಕೆ ಹಳಿಯುವವರು, ಅವರ ಇಲಾಖೆಯ ತೀರ್ಮಾನಗಳನ್ನು ಪ್ರಶ್ನಿಸುವವರ ದನಿಯನ್ನೂ ದುರ್ಬಲಗೊಳಿಸುತ್ತಾರೆ.

ಆದ್ದರಿಂದ ಮನೆಯಲ್ಲಿ ತುಳಸಿಯ ಕಣ್ಣೀರಿಗೆ ಮರುಗುವ ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಕಂತು ಮುಗಿದ ಬಳಿಕ ಟಿ.ವಿ. ಆರಿಸಿ, ಪಕ್ಕದ ಕೋಣೆಯಲ್ಲಿ ಓದುತ್ತಿರುವ ಮಗಳನ್ನು ಕೇಳಿ: ಮುಂದೇನು ಓದುತ್ತೀ, ಅದಕ್ಕೆಷ್ಟು ಖರ್ಚಾಗುತ್ತದೆ, ನಿನಗೆ ಸಿಗಬೇಕಾದ ವಿದ್ಯಾರ್ಥಿವೇತನ ಸಿಗುತ್ತಿದೆಯೇ? ಸಿಗುತ್ತಿಲ್ಲವೆಂದಾದರೆ ಯಾಕೆ ಎಂದು ಮುಂದಿನ ಬಾರಿ ಮತ ಕೇಳಲು ಬಂದವರಲ್ಲಿ ವಿಚಾರಿಸಿ. ಅವರು ಯಾವ ಪಾತ್ರ ಮಾಡಿದವರೇ ಆಗಿರಲಿ.