ಚೀಲದೊಳಗೆ ಯಾರ ಹೆಸರಿತ್ತು?

ಆಡಳಿತ ನಡೆಸುವವರು ಅರ್ಹರಾಗಿರಬೇಕು ಎಂಬ ಮಾತಿಗೆ ಯಾರದೂ ತಕರಾರಿಲ್ಲ. ಆದರೆ ಆ ಅರ್ಹತೆಯನ್ನು ಅಳೆಯುವವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ‘ಮೆರಿಟ್’ ಎಂಬ ಪದವನ್ನು ದಿನವೂ ಕೇಳುವ ನಮ್ಮ ತಲೆಮಾರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಇದಕ್ಕೊಂದು ಒಳ್ಳೆಯ ಪಾಠ ಆರು ಶತಮಾನಗಳ ಹಿಂದಿನ ಇಟಲಿಯಲ್ಲಿದೆ.

ಯುರೋಪಿನ ಪುನರುಜ್ಜೀವನ ಎಂದರೆ ಚಿತ್ರಕಲೆ, ಶಿಲ್ಪ, ಮುದ್ರಣಯಂತ್ರ ಎಂದು ಓದಿ ನಾವು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಆದರೆ ಆ ಕಾಲದ ಮಾನವತಾವಾದಿಗಳು ರಾಜ್ಯಾಡಳಿತದ ಬಗ್ಗೆಯೂ ಗಟ್ಟಿಯಾದ ಮಾತೊಂದನ್ನು ಆಡಿದ್ದರು. ಹಿರಿಮೆ ಹುಟ್ಟಿನಿಂದ ಬರುವುದಲ್ಲ, ಸದ್ಗುಣದಿಂದ ಗಳಿಸುವುದು ಎಂಬುದೇ ಆ ಮಾತು. ಪೊಜ್ಜೊ ಬ್ರಾಚೊಲಿನಿ ನಿಜವಾದ ಕುಲೀನತೆ ಯಾವುದು ಎಂಬ ಬಗ್ಗೆಯೇ ಒಂದು ಸಂವಾದ ಬರೆದ. ಎರಾಸ್ಮಸ್ 1516ರಲ್ಲಿ ಹದಿಹರೆಯದ ರಾಜ ಚಾರ್ಲ್ಸ್‌ಗಾಗಿ ಬರೆದ ಪುಸ್ತಕದಲ್ಲಿ ಹಡಗಿನ ಉದಾಹರಣೆ ಕೊಟ್ಟ. ಚುಕ್ಕಾಣಿಯನ್ನು ಸಿರಿವಂತನಿಗೋ ದೊಡ್ಡ ಮನೆತನದವನಿಗೋ ಕೊಡುವುದಿಲ್ಲ, ಹಡಗು ನಡೆಸಲು ಬಲ್ಲವನಿಗೆ ಕೊಡುತ್ತೇವೆ. ರಾಜ್ಯಕ್ಕೂ ಇದೇ ಅಳತೆ ಇರಬೇಕು ಎಂಬುದು ಅವನ ವಾದ. ವಂಶಾಡಳಿತವೇ ಸಹಜ ಎನಿಸಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಈ ಆದರ್ಶ ನಮ್ಮಲ್ಲಿ ಜಾರಿಯಲ್ಲಿದೆ ಎಂದು ಹೆಮ್ಮೆಪಟ್ಟ ನಗರ ಫ್ಲಾರೆನ್ಸ್. ಅಲ್ಲಿನ ಚಾನ್ಸಲರ್ ಆಗಿದ್ದ ಲಿಯೊನಾರ್ಡೊ ಬ್ರೂನಿ 1428ರಲ್ಲಿ ನಾನ್ನಿ ಸ್ಟ್ರೋಜಿ ಎಂಬಾತನ ನಿಧನದ ನಂತರ ಅವನ ಸ್ಮರಣೆಗಾಗಿ ಭಾಷಣವೊಂದನ್ನು ರಚಿಸಿದ. ಶ್ರಮ ಮತ್ತು ಪ್ರತಿಭೆ ಇದ್ದರೆ ಯಾವ ನಾಗರಿಕನಿಗಾದರೂ ಇಲ್ಲಿ ಉನ್ನತ ಹುದ್ದೆ ಸಿಗಬಹುದು, ಆ ಭರವಸೆಯೇ ಜನರನ್ನು ದುಡಿಯಲು, ಬೆಳೆಯಲು ಹುರಿದುಂಬಿಸುತ್ತದೆ ಎಂಬುದು ಅದರ ಸಾರ. ಇಂದಿನ ಯಾವ ತರಬೇತಿ ತರಗತಿಯಲ್ಲಿ ಹೇಳಿದರೂ ಚಪ್ಪಾಳೆ ಬೀಳುವ ಮಾತು!

ಈಗ ವಾಸ್ತವ ನೋಡೋಣ. ಫ್ಲಾರೆನ್ಸ್‌ನ ಮುಖ್ಯ ಆಡಳಿತ ಮಂಡಳಿಯಲ್ಲಿ ಒಂಬತ್ತು ಜನ. ಅವರ ಅವಧಿ ಎರಡೇ ತಿಂಗಳು. ಅರ್ಹರೆಂದು ಒಪ್ಪಿತರಾದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಚೀಲಗಳಿಗೆ ಹಾಕಿ, ಕಾಲಕಾಲಕ್ಕೆ ಚೀಟಿ ಎತ್ತುತ್ತಿದ್ದರು. ನೋಡಲು ಇದಕ್ಕಿಂತ ನಿಷ್ಪಕ್ಷಪಾತವಾದ ವ್ಯವಸ್ಥೆ ಇಲ್ಲ. ಆದರೆ ಕಸುಬುದಾರರ ಸಂಘಗಳ ಸದಸ್ಯರಲ್ಲದವರಿಗೆ ಆ ಚೀಲದಲ್ಲಿ ಜಾಗವೇ ಇರಲಿಲ್ಲ. ಹೆಂಗಸರ ಮಾತಂತೂ ಇಲ್ಲವೇ ಇಲ್ಲ. 1378ರಲ್ಲಿ ಉಣ್ಣೆ ಕೆಲಸಗಾರರು ದಂಗೆಯೆದ್ದು ತಮ್ಮದೇ ಸಂಘ ಪಡೆದರು. ಕೆಲವೇ ವಾರಗಳಲ್ಲಿ ಅದನ್ನು ರದ್ದು ಮಾಡಲಾಯಿತು. ಬ್ರೂನಿ ಹೊಗಳಿದ್ದು ಇದೇ ಊರನ್ನು.

ಮುಂದಿನದು ಇನ್ನೂ ಸೂಕ್ಷ್ಮ. 1434ರಲ್ಲಿ ಗಡಿಪಾರಿನಿಂದ ಮರಳಿದ ಕೊಸಿಮೊ ಮೆಡಿಸಿ ಯಾವ ಹುದ್ದೆಯನ್ನೂ ರದ್ದು ಮಾಡಲಿಲ್ಲ, ಚೀಟಿ ಎತ್ತುವುದನ್ನೂ ನಿಲ್ಲಿಸಲಿಲ್ಲ. ಚೀಲಕ್ಕೆ ಯಾವ ಹೆಸರು ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರಿಗಳು ತನ್ನ ಬಣದವರಾಗಿರುವಂತೆ ನೋಡಿಕೊಂಡ, ಅಷ್ಟೆ. ಚೀಟಿ ಎತ್ತುವುದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಚೀಲ ತುಂಬಿಸುವುದು ಕಾಣುತ್ತಿರಲಿಲ್ಲ.

ಹಾಗಾದರೆ ಮಾನವತಾವಾದಿಗಳ ಮಾತು ಬರೀ ಬೂಟಾಟಿಕೆಯೇ? ಅವರಲ್ಲಿ ಅನೇಕರು ಪ್ರಭುಗಳ ಸಂಬಳ ಉಂಡವರು, ನಿಜ. ಆದರೆ ಅವರ ವಿಚಾರವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಸದ್ಗುಣ ಹುಟ್ಟಿನಿಂದ ಬರುವುದಿಲ್ಲ ಎಂದಾದರೆ ಅದನ್ನು ಕಲಿಸಬೇಕಾಗುತ್ತದೆ, ಕಲಿಯುವ ಅವಕಾಶವನ್ನೂ ಕೊಡಬೇಕಾಗುತ್ತದೆ. ಇದನ್ನು ಮಾಡಿ ತೋರಿಸಿದವನು ವಿಟೊರಿನೊ ದ ಫೆಲ್ಟ್ರೆ. 1423ರಲ್ಲಿ ಮಾಂಟುವಾದ ಪ್ರಭುವಿನ ಮಕ್ಕಳಿಗೆ ಪಾಠ ಹೇಳಲು ಬಂದ ಆತ, ಅದೇ ಶಾಲೆಯಲ್ಲಿ ಬಡ ಮಕ್ಕಳನ್ನೂ ಶುಲ್ಕವಿಲ್ಲದೆ ಸೇರಿಸಿಕೊಂಡು ಓದಿಸಿದ. ಅರ್ಹತೆಯ ಬಗ್ಗೆ ಬರೆದ ಎಷ್ಟೋ ಗ್ರಂಥಗಳಿಗಿಂತ ಈ ಒಂದು ಶಾಲೆ ಹೆಚ್ಚು ಪ್ರಾಮಾಣಿಕ ಎಂದು ನನಗನಿಸುತ್ತದೆ.

ಅರ್ಹರಿಗೇ ಅಧಿಕಾರ ಎಂದು ಕೂಗುವವರು ಎರಡು ಹೊಣೆಗಳನ್ನೂ ಒಪ್ಪಿಕೊಳ್ಳಬೇಕು. ಅರ್ಹತೆ ಗಳಿಸುವ ದಾರಿ ಎಲ್ಲರಿಗೂ ತೆರೆದಿರಬೇಕು. ಅಳೆಯುವವರೂ ಲೆಕ್ಕ ಒಪ್ಪಿಸುವಂತಿರಬೇಕು. ಇವೆರಡೂ ಇಲ್ಲದ ಕಡೆ ‘ಮೆರಿಟ್’ ಎಂಬುದು ಈಗಾಗಲೇ ಒಳಗಿರುವವರು ತಮ್ಮನ್ನು ತಾವೇ ಹೊಗಳಿಕೊಳ್ಳುವ ಪದವಾಗಿಬಿಡುತ್ತದೆ. ನಾವು ಯುವಜನರು ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕುವುದು ಸಹಜ. ಪಟ್ಟಿಗೆ ಬರುವ ಅವಕಾಶವೇ ಸಿಗದವರು ಯಾರು, ಏಕೆ ಸಿಗಲಿಲ್ಲ ಎಂದು ಕೇಳುವುದನ್ನೂ ರೂಢಿ ಮಾಡಿಕೊಳ್ಳೋಣ.