ಎರಡನೇ ಸಲ ಮತ ಕೇಳುವವರು ಲೆಕ್ಕ ತರಲಿ



ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಚುನಾವಣೆಯ ಮಾತು ಎದ್ದಿತೆಂದರೆ ಮಠಗಳ ಅಂಗಳದಲ್ಲಿ ಕಾರುಗಳು ಹೆಚ್ಚುತ್ತವೆ. ಸದಸ್ಯರಾಗಿದ್ದವರು ಹಾರ, ಹಣ್ಣಿನ ಬುಟ್ಟಿ ಹಿಡಿದು ಬರುತ್ತಾರೆ, ಪೂಜ್ಯರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಂಜೆಯೊಳಗೆ ಆ ಫೋಟೊ ಎಲ್ಲರ ಮೊಬೈಲಿನಲ್ಲಿರುತ್ತದೆ. ಜೊತೆಗೆ ಒಂದು ಮಾತೂ ಹರಿದಾಡುತ್ತದೆ: "ನಮ್ಮವರು, ಕೈಬಿಡಬೇಡಿ."

ಮಠಕ್ಕೆ ಬರುವುದು ತಪ್ಪಲ್ಲ, ಆಶೀರ್ವಾದ ಬೇಡುವುದೂ ತಪ್ಪಲ್ಲ. ಆದರೆ ಮೊದಲ ಸಲ ಸ್ಪರ್ಧಿಸುವವರು ಭರವಸೆ ಕೊಟ್ಟರೆ ಸಾಕು, ಎರಡನೇ ಸಲ ಸ್ಪರ್ಧಿಸುವವರು ಲೆಕ್ಕ ಕೊಡಬೇಕು. ಈ ವ್ಯತ್ಯಾಸವನ್ನು ನಾವು ಮರೆತಿದ್ದೇವೆ.

ನಾನು ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ನಮ್ಮಲ್ಲಿ ಅಳತೆ ಪುಸ್ತಕ ಎಂಬುದೊಂದಿದೆ, ಎಲ್ಲರೂ ಎಂ.ಬಿ. ಎನ್ನುತ್ತಾರೆ. ಚರಂಡಿಯ ಉದ್ದ ಎಷ್ಟು, ಕಾಂಕ್ರೀಟಿನ ದಪ್ಪ ಎಷ್ಟು, ಅಳೆದವರು ಯಾರು, ಯಾವ ದಿನ ಎಂಬುದೆಲ್ಲ ಅದರಲ್ಲಿ ಬರೆದು ಸಹಿಯಾಗಬೇಕು. ಎಂ.ಬಿ.ಯಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ ಇಲ್ಲ. ಗುತ್ತಿಗೆದಾರ ಎಷ್ಟೇ ಸಂಭಾವಿತನಾಗಿರಲಿ, ಯಾರ ನೆಂಟನೇ ಆಗಿರಲಿ, ಅಳೆಯದೆ ಹಣ ಪಾವತಿಸುವಂತಿಲ್ಲ. ಐದು ವರ್ಷದ ಸದಸ್ಯತ್ವಕ್ಕೆ ಮಾತ್ರ ನಾವು ಅಳತೆಯಿಲ್ಲದೆ ಮತ ಪಾವತಿಸುತ್ತಿದ್ದೇವೆ.

ಸದಸ್ಯರ ಪರವಾಗಿಯೂ ಒಂದು ಮಾತು ಹೇಳಲೇಬೇಕು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಅವುಗಳಲ್ಲಿದ್ದವು. ಗೆದ್ದವರು ಗೆದ್ದರು, ಆದರೆ ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಆಡಳಿತ ಮಂಡಳಿಯೇ ರಚನೆಯಾಗಲಿಲ್ಲ. ಎರಡನೇ ಮೂವತ್ತು ತಿಂಗಳ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವಿನ ಕಾಲದಲ್ಲಿ ಅಧಿಕಾರಿಗಳೇ ಆಡಳಿತಾಧಿಕಾರಿಗಳು. "ನಮಗೆ ಅಧಿಕಾರವೇ ಇರಲಿಲ್ಲ" ಎಂಬ ಸದಸ್ಯರ ದೂರಿನಲ್ಲಿ ಸತ್ಯವಿದೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿ ಮೂರು ದಶಕ ಕಳೆದಿದೆ. ಆದರೂ ಬೆಂಗಳೂರಿನ ಮಹಾನಗರ ಪಾಲಿಕೆ 2020ರ ಸೆಪ್ಟೆಂಬರ್‌ನಿಂದ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು.

ಇನ್ನೊಂದು ತೊಡಕೂ ಇದೆ. ವಾರ್ಡ್ ಮೀಸಲಾತಿ ಸರದಿಯಂತೆ ಬದಲಾಗುತ್ತದೆ. ಸಾಮಾನ್ಯವಾಗಿದ್ದ ವಾರ್ಡ್ ಮುಂದಿನ ಸಲ ಮಹಿಳೆಗೆ, ಅದರ ಮುಂದಿನ ಸಲ ಹಿಂದುಳಿದ ವರ್ಗಕ್ಕೆ ಹೋಗಬಹುದು. ಮೀಸಲಾತಿ ಬೇಕೇ ಬೇಕು. ಸಮಾನತೆಗಾಗಿ ಕಲ್ಯಾಣ ಕಟ್ಟಿದವರ ವಾರಸುದಾರರು ಅದನ್ನು ಪ್ರಶ್ನಿಸಬಾರದು. ಆದರೆ ಐದೈದು ವರ್ಷಕ್ಕೆ ವಾರ್ಡ್ ಕೈತಪ್ಪುವುದಾದರೆ ಚೆನ್ನಾಗಿ ದುಡಿದವರಿಗೆ ಬಹುಮಾನವಿಲ್ಲ, ದುಡಿಯದವರಿಗೆ ಶಿಕ್ಷೆಯೂ ಇಲ್ಲ. ತಮಿಳುನಾಡಿನ ಪಂಚಾಯಿತಿಗಳಲ್ಲಿರುವಂತೆ ಹತ್ತು ವರ್ಷ ಒಂದೇ ಮೀಸಲಾತಿ ಇಟ್ಟರೆ ಯಾವ ವರ್ಗಕ್ಕೂ ನಷ್ಟವಿಲ್ಲ, ಲೆಕ್ಕ ಕೇಳುವ ಅವಕಾಶ ಮತದಾರರಿಗೆ ಸಿಗುತ್ತದೆ.

ಈಗ ಆಗುತ್ತಿರುವುದು ಬೇರೆಯೇ. ವಾರ್ಡ್ ಮಹಿಳೆಗೆ ಹೋದರೆ ಸದಸ್ಯರು ಮನೆಯಾಕೆಯನ್ನು ನಿಲ್ಲಿಸುತ್ತಾರೆ. ಗೆದ್ದವರು ಆಕೆ, ಕಾಮಗಾರಿ ನೋಡುವವರು ಈತ. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಕೂರಿಸಿದ ಪರಂಪರೆಯವರು ನಾವೆಂದು ವೇದಿಕೆಯಲ್ಲಿ ಹೇಳಿ, ಮನೆಯಾಕೆಯ ಕುರ್ಚಿಯಲ್ಲಿ ತಾವೇ ಕೂರುವುದು ನಾಚಿಕೆಗೇಡು. ಇನ್ನು ಕೆಲವರು ಪಕ್ಕದ ವಾರ್ಡಿಗೆ ಜಿಗಿಯುತ್ತಾರೆ. ಅಲ್ಲಿ ಅವರನ್ನು ಅಳೆದವರು ಯಾರೂ ಇಲ್ಲ. ನಗರಸಭೆ ಮಹಾನಗರ ಪಾಲಿಕೆಯಾಗುವ ಹಾಸನದಲ್ಲಿ ವಾರ್ಡುಗಳ ಗಡಿಯೇ ಬದಲಾಗುವುದರಿಂದ ಜಿಗಿತ ಇನ್ನೂ ಸುಲಭ.

ಆದ್ದರಿಂದ ವಾರ್ಡ್ ಯಾವುದೇ ಇರಲಿ, ಮರು ಆಯ್ಕೆ ಬಯಸುವವರನ್ನು ನಾಲ್ಕು ಪ್ರಶ್ನೆ ಕೇಳೋಣ.

ಒಂದು: ಎಷ್ಟು ಸಾಮಾನ್ಯ ಸಭೆಗೆ ಹೋದಿರಿ, ಏನು ಮಾತಾಡಿದಿರಿ? ಸಭೆಯ ನಡಾವಳಿ ಸಾರ್ವಜನಿಕ ದಾಖಲೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಪಡೆಯಬಹುದು.

ಎರಡು: ನೀರು. ಒಳಚರಂಡಿ ಇರುವ ಪಟ್ಟಣದಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ಹೊಳೆನರಸೀಪುರದ ಮಗ್ಗುಲಲ್ಲೇ ಹೇಮಾವತಿ ಹರಿಯುತ್ತಾಳೆ, ಗೊರೂರಿನ ಅಣೆಕಟ್ಟು ಹಾಸನಕ್ಕೂ ಅರಕಲಗೂಡಿಗೂ ದೂರವಲ್ಲ. ನಿಮ್ಮ ವಾರ್ಡಿನ ಕೊನೆಯ ಮನೆಯ ನಲ್ಲಿಗೆ ಎಷ್ಟು ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ?

ಮೂರು: ಕಾಮಗಾರಿ. ಅಂದಾಜು ಮೊತ್ತ ಎಷ್ಟು, ಟೆಂಡರ್ ಯಾರಿಗೆ, ದೋಷ ಹೊಣೆಗಾರಿಕೆಯ ಅವಧಿ ಯಾವಾಗ ಮುಗಿಯುತ್ತದೆ? ಆ ಅವಧಿಯೊಳಗೆ ಕಿತ್ತುಹೋದ ರಸ್ತೆಯನ್ನು ಗುತ್ತಿಗೆದಾರನಿಂದಲೇ ಸರಿಪಡಿಸಿದಿರೋ, ಹೊಸ ಬಿಲ್ ಬರೆಸಿದಿರೋ?

ನಾಲ್ಕು: ಪೌರಕಾರ್ಮಿಕರು. ಕಾಯಕವನ್ನು ಕೊಂಡಾಡುವ ನಮಗೆ ಇದು ಮೊದಲ ಪ್ರಶ್ನೆಯಾಗಬೇಕಿತ್ತು. ನಸುಕಿನಲ್ಲಿ ನಮ್ಮ ಬೀದಿ ಗುಡಿಸುವವರಿಗೆ ವೇತನ ಸಕಾಲಕ್ಕೆ ಬರುತ್ತದೆಯೇ? ಕೈಗವಸು, ಬೂಟು ಸಿಕ್ಕಿವೆಯೇ? ಅವರ ಪರವಾಗಿ ಸಭೆಯಲ್ಲಿ ನೀವು ಒಂದಾದರೂ ಮಾತಾಡಿದ್ದೀರಾ?

ಈ ನಾಲ್ಕಕ್ಕೂ ಉತ್ತರ ಇರುವವರು ಯಾವ ಜಾತಿಯವರಾದರೂ ನಮ್ಮವರು. ಉತ್ತರವಿಲ್ಲದವರು ಕೊರಳಲ್ಲಿ ಲಿಂಗ ಕಟ್ಟಿದ್ದರೂ ಮತದ ಮಟ್ಟಿಗೆ ಹೊರಗಿನವರು. ಇದು ಕಠಿಣವೆನಿಸಬಹುದು. ಆದರೆ ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರ ನೋಡಿದವರು. ಬೊಕ್ಕಸ ಬರಿದಾಯಿತೆಂದು ಕೊಂಡೆಯ ಹೇಳಿದಾಗ ಅವರು ಭಂಡಾರ ತೆರೆದು ಎಣಿಸಿ ತೋರಿಸಿದರೆಂದು ಶರಣ ಪರಂಪರೆ ನಂಬಿಕೊಂಡು ಬಂದಿದೆ. ತಮ್ಮ ಭಕ್ತಿಯನ್ನು ಅವರು ಲೆಕ್ಕಕ್ಕೆ ಬದಲಾಗಿ ಮುಂದಿಡಲಿಲ್ಲ. ನಾವೇಕೆ ಜಾತಿಯನ್ನು ಮುಂದಿಡಬೇಕು?

ಪೂಜ್ಯರಲ್ಲಿ ನನ್ನದೊಂದು ವಿನಂತಿ. ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿಗಳೊಂದಿಗೆ ಫೋಟೊ ಬೇಡ. ಅದರ ಬದಲು ಮಠದ ಸಭಾಂಗಣವನ್ನು ಒಂದು ಸಂಜೆ ಬಿಟ್ಟುಕೊಡಿ. ಎಲ್ಲ ಪಕ್ಷ, ಎಲ್ಲ ಜಾತಿಯ ಹಾಲಿ–ಮಾಜಿ ಸದಸ್ಯರನ್ನು ಕರೆಯೋಣ. ವಾರ್ಡಿನ ಜನ ಕೇಳಲಿ, ಅವರು ಕಾಗದ ಮುಂದಿಟ್ಟು ಹೇಳಲಿ. ಭಾಷಣ ಬೇಡ, ಹಾರ ಬೇಡ. ದಾಸೋಹದ ಪ್ರಸಾದ ಮಾತ್ರ ಎಲ್ಲರಿಗೂ ಇರಲಿ.